ಕ್ಷ

ನನ್ನ ಟೈಪ್‌ರೈಟರಿಗೆ ಕ್ಷ ಇರಲಿಲ್ಲ.
ಅಚ್ಚಿನ ಮೊಳೆ ಮುರಿದದ್ದು ನಾನು ಸೇರುವ ಮೊದಲೇ.
ಗುಳೇದಗುಡ್ಡದ ಬಣ್ಣದಂಗಡಿಯ ಮೇಲೆ ಒಂದು ಖೋಲಿ,
ಗೂಟಕ್ಕೆ ಕರಿಕೋಟು, ವಕೀಲ ರಾಚಪ್ಪ ಕೆರೂರ.
"ರಿಪೇರಿಗೆ ಬಾಗಲಕೋಟಿಗೆ ಕಳಸೂಣೇನ್ರಿ?" ಎಂದೆ.
"ಈ ಕೇಸೊಂದು ಮುಗೀಲಿ, ಅಂಬಕ್ಕ."
ಇಪ್ಪತ್ತೊಂಬತ್ತು ವರ್ಷ ಆ ಕೇಸು ಮುಗಿಯಲಿಲ್ಲ.

ಕಕ್ಷಿದಾರರ ಹೊಟ್ಟೆಯಲ್ಲಿ ಒಂದು ಸಂದು ಬಿಡುವುದು,
ಸಾಕ್ಷಿಯ ಬಾಲದಲ್ಲಿ ಒಂದು;
ಹಾಳೆ ಹೊರಗೆಳೆದು ನೀಲಿ ಪೆನ್ನಿನಿಂದ ತುಂಬುವುದು,
ಕಾರ್ಬನ್ ಪ್ರತಿಗಳಿಗೂ ಮತ್ತೆ ಮತ್ತೆ.
ಬಾದಾಮಿಯ ಮುನ್ಸಿಫರು ಕನ್ನಡಕ ಏರಿಸಿ
"ವಕೀಲರೇ, ಸಾಕ್ಷಿಗೆ ಬಣ್ಣ ಹಚ್ಚಿ ತಂದೀರಲ್ಲ!" ಅಂದರಂತೆ.

ತುಳಜವ್ವನ ಮಗ್ಗ ಜಪ್ತಿಯಾಗಿತ್ತು.
ನೂಲಿನ ಸಾಲ, ಸಾಹುಕಾರನ ವಹಿ, ಬೇಲಿಫನ ಚಕ್ಕಡಿ.
ದುಡಿದು ಉಣ್ಣುವವರ ಹತ್ಯಾರಕ್ಕೆ ಕೈ ಹಚ್ಚುವಂತಿಲ್ಲವೆಂದು
ಕಾಯ್ದೆ ತೆರೆದು ಬೆರಳಿಟ್ಟು ತೋರಿಸಿದರು; ಗೆದ್ದರು.
ಅಂದು ಖೋಲಿಗೆಲ್ಲ ಚುರುಮುರಿ.
ಎಂಟು ದಿನಕ್ಕೆ ಆಕೆ ಮತ್ತೆ ಮೆಟ್ಟಿಲೇರಿ ಬಂದಳು:
"ಮಗ್ಗ ಬಂತರೀ ಸಾಹೇಬರ. ನೂಲು?"

ಅವರು ಕಪಾಟಿನತ್ತ ನೋಡಿದರು.
ಕೆಂಪು ರಟ್ಟಿನ ಅಷ್ಟೂ ಪುಸ್ತಕಗಳಲ್ಲಿ
ಒಂದು ಲಡಿ ನೂಲಿರಲಿಲ್ಲ.

ಆಮೇಲೆ ನಾನು ಬಡಿದದ್ದೆಲ್ಲ ಬೇರೆ ಥರದ ಕಾಗದ:
ಸಂಘದ ಉಪನಿಯಮ, ಬ್ಯಾಂಕಿನ ಶಾಖೆಗೆ ಮನವಿ,
ನೂಲಿನ ಡಿಪೋ, ಬಣ್ಣದ ಮನೆ, ನಸುಕಿನ ಸರಕು ಬಸ್ಸು.
ಬೆಳಗಾವಿಗೆ ಹೋಗುವ ಚೀಲದಲ್ಲಿ ಫೈಲಿನ ಕೆಳಗೆ ಖಣಗಳು.
ಒಬ್ಬ ಅಧಿಕಾರಿ ಆನೆಹೆಜ್ಜೆಯ ಖಣ ಸವರಿ
"ಮನೆಯವರಿಗೊಂದು ಇರಲಿ" ಎಂದನಂತೆ.
ಇವರು ರೊಕ್ಕ ಎಣಿಸಿಕೊಂಡು ರಸೀದಿ ಹರಿದರು.
ಆ ಫೈಲು ಹದಿನಾಲ್ಕು ತಿಂಗಳು ಮಲಗಿತು.

ಪಕ್ಷದವರು ಹಾರ ಹಿಡಿದು ಬಂದರು, ಟಿಕೆಟ್ಟಿನ ಮಾತು.
"ನಮ್ಮ ಮಶೀನಿನ್ಯಾಗ ಆ ಅಕ್ಷರಾನ ಇಲ್ಲರೀ" ಎಂದು
ಚಹಾ ಕುಡಿಸಿ ಕಳಿಸಿದರು.
ರಾತ್ರಿ ಮಾತ್ರ ತಡವಾಗಿ ದೀಪ ಆರಿಸಿದರು;
ಆಸೆ ಇರಲಿಲ್ಲವೆಂದು ನಾನು ಹೇಳಲಾರೆ.

ಬಣ್ಣದ ಮನೆ ಎದ್ದ ಮೂರನೇ ವರ್ಷ
ಕೆಳಗಿನ ಓಣಿಯ ಬಾವಿ ಕೆಂಪಾಯಿತು.
ಹೆಂಗಸರು ಕೊಡವನ್ನು ಮೇಜಿನ ಮೇಲೇ ಕುಕ್ಕಿದರು.
ಅವರು ಮೂಸಿದರು, ಕೋಟು ಹಾಕಿಕೊಂಡರು,
ಸಂಘದ ಮೇಲೆಯೇ ನೋಟೀಸು ಹೇಳಿ ಬರೆಸಿದರು,
ಸಂಜೆ ಸಂಘದ ಪರವಾಗಿ ತಾವೇ ಸಹಿ ಹಾಕಿ ತೆಗೆದುಕೊಂಡರು.
ಬಣ್ಣದ ಮನೆಗೆ ಬೀಗ ಬಿತ್ತು.
ಅಲ್ಲಿ ದುಡಿಯುತ್ತಿದ್ದ ಮೂವತ್ತು ಜನ
ತಿಂಗಳುಗಟ್ಟಲೆ ಅವರ ನಮಸ್ಕಾರಕ್ಕೆ ಕೈ ಎತ್ತಲಿಲ್ಲ.

ಗೂಟ ಇದೆ, ಈಗ ಕೋಟು ಇಲ್ಲ.
ಡಿಪೋ ನಡೆದಿದೆ; ಮಗ್ಗಗಳು ಅರ್ಧಕ್ಕರ್ಧ.
ಉಪನಿಯಮದ ಮೂಲಪ್ರತಿಯ ಏಳನೇ ಕಲಮಿನಲ್ಲಿ
ಒಂದು ಸಂದು ತುಂಬಲು ನಾನು ಮರೆತಿದ್ದೆ,
ರಿಜಿಸ್ಟ್ರಾರರ ಮೊಹರು ಹಾಗೆಯೇ ಬಿದ್ದುಹೋಯಿತು.
ವರುಷ ವರುಷವೂ ಸಭೆಯಲ್ಲಿ ಇದ್ದಂತೆ ಓದುತ್ತಾರೆ:
"ಅಧ್ಯ ರು ಸಭೆ ಕರೆಯತಕ್ಕದ್ದು."
ಈ ಸಲ ಓದಿದವಳು ತುಳಜವ್ವನ ಮೊಮ್ಮಗಳು.
ತಡೆದು ಕೇಳಿದಳು, "ಅಧ್ಯರು ಅಂದ್ರ ಯಾರ್ರಿ?"
ಹಿಂದಿನ ಸಾಲಿನವರು ನಕ್ಕರು. ಚಹಾ ಬಂತು.