ಕಟಪಾಡಿಯಲ್ಲಿ ಒಂದು ಜಮೆ

ಬೆಂಡೋಲೆಯ ತಿರುಪು ಸಡಿಲವಾಗಿತ್ತು, ಅಷ್ಟೇ ಕೆಲಸ.
"ಕೂತುಕೊಳ್ಳಿ, ಹತ್ತು ನಿಮಿಷ" ಅಂದರು ಬಾಬುರಾಯ ಆಚಾರ್ರು.
ಸೋಣ ತಿಂಗಳ ಬಿಸಿಲು. ಮೆಟ್ಟಿಲ ಬದಿಗೆ
ಯಾರೂ ಕೀಳದೆ ಬಿಟ್ಟ ತುಂಬೆ,
ತುಂಬೆಯ ಮೇಲೆ ಒಂದು ಕಡಜ.
ಕಾಲು ಹಿಂದಕ್ಕೆ ತೆಗೆದುಕೊಂಡೆ.

"ಕಡಜ ಅಂದವರು ಯಾರು?"
ಕೆಲಸದಿಂದ ತಲೆಯೆತ್ತದೆ ಕೇಳಿದರು.
"ಸೊಂಟ ನೋಡಿದಿರಾ?"

ಕಣ್ಣಿಗೆ ಸಿಕ್ಕಿಸುವ ಆ ಕಪ್ಪು ಭೂತಗನ್ನಡಿ
ತೆಗೆದು ನನ್ನ ಕೈಗಿಟ್ಟರು. ಬೆಚ್ಚಗಿತ್ತು ಇನ್ನೂ,
ಅವರ ಹುಬ್ಬಿನ ಬೆವರಿಗೆ.

ಬಗ್ಗಿದೆ. ಉಸಿರು ಬಿಟ್ಟರೆ ಹೂವೇ ಅಲುಗುವಷ್ಟು ಹತ್ತಿರ.
ಸೊಂಟ ಎಂಬುದೇ ಇರಲಿಲ್ಲ. ಎದೆಯಿಂದ ಹೊಟ್ಟೆಗೆ
ಒಂದೇ ದಪ್ಪ, ಮೇಲೊಂದು ಕೆಳಗೊಂದು ಹಳದಿ ಪಟ್ಟಿ.
ರೆಕ್ಕೆ ಕಪ್ಪು; ಅದರಲ್ಲಿ ಅಲ್ಲಲ್ಲಿ
ಬಣ್ಣವೇ ಇಲ್ಲದ ಕಿಟಕಿ,
ಕಿಟಕಿಯಾಚೆ ತುಂಬೆಯ ಬಿಳಿ.

"ಹಾಗಾದರೆ ಚಿಟ್ಟೆ."
"ಮೀಸೆ ನೋಡಿ. ಚಿಟ್ಟೆಗಾದರೆ ತುದಿಯಲ್ಲಿ ಗುಂಡು,
ಮೂಗುತಿ ಕಡ್ಡಿಗೆ ಮಣಿ ಬೆಸೆದ ಹಾಗೆ.
ಇದಕ್ಕೆ ಬರೀ ತಂತಿ."

ತಂತಿಯೇ. ಕೊನೆ ಮಾತ್ರ ಸುಣ್ಣಕ್ಕೆ ಅದ್ದಿ ತೆಗೆದಂತೆ.
ರೆಕ್ಕೆ ಜೋಡಿಸಿ ಬೆನ್ನ ಮೇಲೆ ನಿಲ್ಲಿಸಿರಲಿಲ್ಲ,
ಒಗೆದು ಹರವಿದ ಹಾಗೆ ಬಿಟ್ಟಿತ್ತು.

ಪತಂಗ. ಹಗಲು ಹೊತ್ತಿನದು.
ದೀಪಕ್ಕೆ ಬೀಳುವುದಷ್ಟೇ ಪತಂಗ ಅಂದುಕೊಂಡಿದ್ದೆ
ನಲವತ್ತೊಂದು ವರ್ಷ.

"ಹೆಸರು?"
"ನನಗೇನು ಗೊತ್ತು. ಗಿರವಿಗೆ ಬಂದ ಸರದ ಹೆಸರು ಕೇಳುತ್ತೇವಾ?
ಗುರುತು ಬರೆದುಕೊಳ್ಳುತ್ತೇವೆ."

ಮುಟ್ಟಬಾರದಿತ್ತು. ಮುಟ್ಟಿದೆ.
ಹಾರಿತು, ಮೆಲ್ಲಗೆ,
ಅಟ್ಟಿಸಿಕೊಂಡು ಬರುವವರು ಯಾರೂ ಇಲ್ಲ ಎಂಬಂತೆ;
ಹೆದ್ದಾರಿಯ ಬಸ್ಸಿನ ಗಾಳಿಗೆ ಒಮ್ಮೆ ವಾಲಿ
ಶಿರ್ವದ ದಾರಿ ಹಿಡಿಯಿತು.
ಬೆರಳ ತುದಿಯಲ್ಲಿ ಕಪ್ಪು ಪುಡಿ.

"ಒರೆಗಲ್ಲಿಗೆ ತಿಕ್ಕಿದರೆ ಚಿನ್ನವೂ ಸವೆಯುತ್ತದೆ.
ಎಲ್ಲವನ್ನೂ ತಿಕ್ಕಿಯೇ ನೋಡಬೇಕಾ?"
ಬೈದರೋ ಇಲ್ಲವೋ ತಿಳಿಯಲಿಲ್ಲ.

ಕೆಂಪು ಪುಸ್ತಕ ತೆರೆದರು. ನನ್ನ ಬೆಂಡೋಲೆಯ ಕೆಳಗಿನ ಸಾಲಿಗೆ:
ಪಟ್ಟಿ ಎರಡು, ಹಳದಿ. ಕಿಟಕಿ, ಎಣಿಸಲಾಗಲಿಲ್ಲ.
ತಂತಿ ಒಂದು ಜೊತೆ, ತುದಿ ಬಿಳಿ. ತೂಕ
ಎಂಬಲ್ಲಿ ಪೆನ್ನು ನಿಂತಿತು.

ಹಿಂದಿನ ಪುಟಗಳಲ್ಲೂ ಇದ್ದವು ಅಂಥವು.
ಯಾರದೋ ಬಳೆ, ಯಾರದೋ ಕರಿಮಣಿ, ನಡುವೆ
"ನೀಲಿ. ಅಬ್ಬಲಿಗೆ ಗಿಡದಲ್ಲಿ. ಬುಧವಾರ."

ರುಜುವಿನ ಕಾಲಂ ತೋರಿಸಿ ಸುಮ್ಮನಿದ್ದರು.
ಬೆರಳೊತ್ತಿದೆ.

ತಿರುಪಿಗೆ ಮೂವತ್ತು ರೂಪಾಯಿ.