ಎಡಗಡೆ ಕಡಲು

ಇಲ್ಲಿ ವಾರ ಮುಗಿಯುವುದು ಗುರುವಾರಕ್ಕೆ.
ಸೂರ್ ದಾಟಿ, ಡಾಂಬರು ಬಿಟ್ಟು
ಮರಳಿಗೆ ಇಳಿಯುವ ಮುನ್ನ
ನಾಲ್ಕೂ ಚಕ್ರಗಳ ಗಾಳಿ ಅರ್ಧಕ್ಕೆ ಬಿಟ್ಟೆವು.
ಉಸ್ಸೆಂದಿತು ಗಾಡಿ,
ನಮಗಿಂತ ಮೊದಲು ಅದಕ್ಕೇ ರಜೆ ಸಿಕ್ಕ ಹಾಗೆ.

ಖಲ್ಫಾನನ ಹೊಸ ಡೇರೆ.
ಪೆಟ್ಟಿಗೆಯ ಮೇಲೆ ಹುಲ್ಲು, ನಗುವ ಮಕ್ಕಳು, ಹಿಂದೆ ಹಿಮದ ಬೆಟ್ಟ.
ಇಲ್ಲಿ ಗೂಟ ಹೊಡೆದರೆ ಮರಳು ಹೂಂ ಅನ್ನುತ್ತದೆ,
ಗಾಳಿ ಬಂದರೆ ನಾನೇನೂ ಅರಿಯೆ ಅನ್ನುತ್ತದೆ.
ಕೊನೆಗೆ ಅಕ್ಕಿಯ ಖಾಲಿ ಚೀಲಗಳಿಗೆ ಮರಳು ತುಂಬಿ
ಮೂಲೆಗೊಂದು ಕಟ್ಟಿದೆವು.
ಮರಳನ್ನು ಮರಳಿನಿಂದಲೇ ಹಿಡಿಯಬೇಕು, ಎಂದ ಸುಲೈಯಮ್.
ಮೇಷ್ಟ್ರು ಅವನು. ಯಾವುದಕ್ಕೂ ಒಂದು ನೀತಿ ಬೇಕು.

ಕಟ್ಟಿಗೆಯಿತ್ತು. ಮೀನಿತ್ತು, ಹಾರಿಬನ ಮಾವ
ಬೆಳಿಗ್ಗೆ ಹಿಡಿದದ್ದು, ತೋಳುದ್ದದ ಅಂಜಲ್.
ಒಣನಿಂಬೆ, ಬೆಳ್ಳುಳ್ಳಿ, ಏಲಕ್ಕಿಯ ಕಾಫಿ, ಮೂರು ಬಗೆಯ ಖರ್ಜೂರ.
ಉಪ್ಪು ಇರಲಿಲ್ಲ.

ನೀನು ತರುತ್ತೀ ಅಂದುಕೊಂಡೆ.
ನೀನು ತರುತ್ತೀ ಅಂತ ನಾನು.
ಕಡಲ ಮುಂದೆ ಕೂತು ಉಪ್ಪಿಗೆ ಜಗಳಾಡಿದ ನಾಲ್ವರು.

ಹಾರಿಬ್ ನಕ್ಕ. ಅವನದು ನೀರಿನ ಕಾರ್ಖಾನೆ, ರಾತ್ರಿಪಾಳಿ:
ಈ ಕಡೆಯಿಂದ ಕಡಲು ಒಳಗೆ ಬರುತ್ತದೆ,
ಆ ಕಡೆಯಿಂದ ಸಿಹಿಯಾಗಿ ನಮ್ಮ ನಲ್ಲಿಗಳಿಗೆ ಹೋಗುತ್ತದೆ.
'ಐದು ದಿನ ಉಪ್ಪು ತೆಗೆಸುತ್ತಾರೆ,
ರಜೆಯಲ್ಲಿ ನೀವು ಹಾಕಿಸುತ್ತೀರಿ' ಎನ್ನುತ್ತ
ಚಮಚ, ಲೋಟ, ಟಾರ್ಚು ಹಿಡಿದು ಬಂಡೆಗಳತ್ತ ನಡೆದ.
ಅಲ್ಲಿ ಗುಳಿಗುಳಿಯಲ್ಲೂ ಬಿಸಿಲು ಕಾಸಿಟ್ಟ ಬಿಳಿ ಹಕ್ಕಳೆ;
ಅವನ ಅಜ್ಜಿ ಕೆರೆದು ತರುತ್ತಿದ್ದಳಂತೆ.

ಕೆಂಡ ಹದಕ್ಕೆ ಬಂತು. ಹದ ಮೀರಿತು.
ಹಾರಿಬ್, ಎಂದೆವು.
ಬಾಯಿಗೆ ಕೈಗೂಡು ಮಾಡಿ ಖಲ್ಫಾನ್ ಕೂಗಿದ.
ನಾನು ಹಾರ್ನ್ ಒತ್ತಿದೆ, ಮೂರು ಸಲ.
ದೂರದ ಬೆಳಕು ಅಲುಗಲಿಲ್ಲ.
ಉಬ್ಬರ ಎಷ್ಟು ಗಂಟೆಗೆಂದು ಯಾರೂ ನೋಡಿರಲಿಲ್ಲ.
ಬರಿಗಾಲಲ್ಲಿ ಓಡಿದೆವು.

ಕೂತಿದ್ದ. ಬಲಗೆನ್ನೆಯನ್ನು ಬಂಡೆಗೆ ಒತ್ತಿ,
ಯಾವುದೋ ಬಿರುಕಿನೊಳಗೆ ತೋಳು ತೂರಿಸಿ,
ಕಾಪಿ ಬರೆಯುವ ಹುಡುಗನಂತೆ ನಾಲಿಗೆ ಹೊರಚಾಚಿ ಕೆರೆಯುತ್ತಿದ್ದ.
ಹೆಗಲು ಮುಟ್ಟಿದರೆ ಬೆಚ್ಚಿಬಿದ್ದ;
ಅರ್ಧ ಉಪ್ಪು ಬಂದಲ್ಲಿಗೇ ಹೋಯಿತು.

'ಎಷ್ಟು ಕೂಗಿದೆವು ಮಾರಾಯಾ.'
ಅವನು ಲೋಟದ ತಳ ನೋಡಿದ.
'ಎಡಗಿವಿ ಹೋಗಿ ಒಂದೂವರೆ ವರ್ಷ. ಪಂಪುಗಳು.
ಮನೆಯಲ್ಲಿ ಗೊತ್ತಿಲ್ಲ.
ಅವಳು ಬಲಗಡೆ ಮಲಗುತ್ತಾಳೆ.'

ವಾಪಸು ಬರುತ್ತ ಲೆಕ್ಕ ಹಾಕಿದೆ.
ಕಾಫಿ ಅಂಗಡಿಯಲ್ಲಿ ಸದಾ ಗೋಡೆಬದಿಯ ಕುರ್ಚಿ.
ಎಲ್ಲಿಗೆ ಹೊರಟರೂ ತಾನೇ ಗಾಡಿ ಓಡಿಸುವ ಹಟ
(ನಮ್ಮಲ್ಲಿ ಚಾಲಕ ಕೂರುವುದು ಎಡಕ್ಕೆ).
ಜಂಭ ಅಂದಿದ್ದೆವು ಅದನ್ನು.
ಖಲ್ಫಾನನ ಮದುವೆಯ ಗದ್ದಲದಲ್ಲಿ
ನನ್ನ ಸಾಲದ ಸಂಗತಿ, ಹೆಂಡತಿಗೂ ಹೇಳದ್ದು,
ಅವನ ಕಿವಿಯಲ್ಲಿ ಹೇಳಿದ್ದೆ.
ಸುಮ್ಮನೆ ತಲೆದೂಗಿದ್ದ. ಎಂಥ ಗಟ್ಟಿ ಮನುಷ್ಯ ಅಂದುಕೊಂಡಿದ್ದೆ.
ಯಾವ ಕಿವಿಯಲ್ಲಿ ಹೇಳಿದ್ದೆ?

ಮೀನಿಗೆ ಉಪ್ಪು ಸಾಲಲಿಲ್ಲ. ಮರಳು ಸಾಕಷ್ಟಿತ್ತು.
ಯಾರೂ ಏನೂ ಅನ್ನಲಿಲ್ಲ, ಆದರೆ
ಹೊಗೆ ಅಂತ ಒಬ್ಬ, ಮೊಣಕಾಲು ಅಂತ ಒಬ್ಬ,
ನೀರು ಬೇಕೆಂದು ಎದ್ದ ನಾನು,
ಒಬ್ಬೊಬ್ಬರೇ ಬಂದು ಅವನ ಬಲಕ್ಕೆ ಕೂತೆವು,
ಒಬ್ಬರ ಮೈ ಒಬ್ಬರಿಗೆ ತಾಗುವಷ್ಟು ಇಕ್ಕಟ್ಟಾಗಿ.
ಎಡಗಡೆ ಕಡಲಿಗೆ ಬಿಟ್ಟೆವು.
ಅದು ಹೇಗೂ ಹೇಳಿದ್ದನ್ನೇ ಹೇಳುವುದು.
ಸುಲೈಯಮ್ ನೀತಿ ತೆಗೆಯಲಿಲ್ಲ.

ಶನಿವಾರ, ಡಾಂಬರಿನ ಅಂಚಿನಲ್ಲಿ, ಚಕ್ರಗಳಿಗೆ ಮತ್ತೆ ಗಾಳಿ.
ಕಂಪ್ರೆಸರು ಒದರತೊಡಗಿದ್ದೇ
ನಾವು ಮೂವರೂ ಎರಡೂ ಕಿವಿ ಮುಚ್ಚಿಕೊಂಡೆವು.
ಹಾರಿಬನಿಗೆ ಒಂದು ಕೈ ಸಾಕಾಯಿತು.
ಇನ್ನೊಂದರಲ್ಲಿ ಅವನು ಕೊಳವೆ ಹಿಡಿದಿದ್ದ.