ಆರುನೂರ ಹನ್ನೊಂದು ಮೀಟರ್

ಕಳೆದ ವರ್ಷ ಆ ಶಾಲೆಯಲ್ಲಿ ಸೀಟು ಸಿಕ್ಕ ಕೊನೆಯ ಮಗುವಿನ ಮನೆ
ಗೇಟಿನಿಂದ ಆರುನೂರ ಹನ್ನೊಂದು ಮೀಟರ್.
ಆಲ್ವಿನ್ ಅದನ್ನೊಂದು ಚೀಟಿಯಲ್ಲಿ ಬರೆದು
ಗ್ರಿಮ್ಸ್‌ಬಿಯ ನಮ್ಮ ಅಡುಗೆಮನೆ ಗೋಡೆಗೆ ಅಂಟಿಸಿದ,
ಅವನಪ್ಪ ಬಿಟ್ಟುಹೋದ ಉಬ್ಬರವಿಳಿತದ ಪಟ್ಟಿಯ ಪಕ್ಕ.
ನಕಾಶೆಯ ಮೇಲೆ ಕೈವಾರ ಊರಿ ಒಂದು ಸುತ್ತು ಎಳೆದ.
ಒಳಗೆ ಬಿದ್ದದ್ದೆಲ್ಲ ಹಸಿರು.
ಹೊರಗುಳಿದದ್ದು
ನಮ್ಮ ಸಂಬಳಕ್ಕೆ ಎಟುಕುವಂಥದು.

ಮಕ್ಕಳಿಗೆ ಹೊಟ್ಟೆನೋವೆಂದು ಇದ್ದ ಶಾಲೆಗೆ ಸುಳ್ಳು ಹೇಳಿ
ಬರುವ ಶಾಲೆ ಹುಡುಕಲು ಶುಕ್ರವಾರ ಶೆಫೀಲ್ಡಿಗೆ ಹೊರಟೆವು.
ಮನೆ ತೋರಿಸುವ ಹುಡುಗಿ ಕೀಲಿಗೊಂಚಲು ಕುಣಿಸುತ್ತ
"ಈ ಬೀದಿಯಲ್ಲಿ ಎಲೆಗೂ ಬೆಲೆ" ಅಂದಳು.
ನಕ್ಕಳು, ಆದರೆ ತಮಾಷೆಯಲ್ಲ.
ಅದೇ ಇಟ್ಟಿಗೆ, ಅದೇ ಕಡಿದಾದ ಮೆಟ್ಟಿಲು,
ತಿರುಗಿದರೆ ಮೊಣಕೈ ತಾಗುವ ಅದೇ ಬಚ್ಚಲು.
ಮರವಿಲ್ಲದ ಕೆಳಗಿನ ಬೀದಿಗಿಂತ
ತಿಂಗಳಿಗೆ ಇನ್ನೂರೈವತ್ತು ಪೌಂಡು ಮೇಲು.
"ಮರಗಳೂ ಟ್ಯೂಷನ್ನಿಗೆ ಹೋಗ್ತಾವಾ?" ಕೇಳಿದಳು ಹೆಟ್ಟಿ.
ಹನ್ನೊಂದು ತುಂಬಿದ ಮೇಲೆ ಅವಳ ಬಾಯಿಗೆ ಬೀಗವಿಲ್ಲ.

ರೋರಿ ಏನೂ ಕೇಳಲಿಲ್ಲ.
ಅವನು ಕೇಳುವುದೇ ಅಪರೂಪ.
ಮೊದಲ ಅಕ್ಷರ ಹಲ್ಲಿಗೆ ಕಚ್ಚಿಕೊಂಡು
ಕುತ್ತಿಗೆಯ ನರ ಉಬ್ಬಿ, ಕಣ್ಣು ಮುಚ್ಚಿ
ಅವನು ತಳ್ಳುತ್ತಿರುವಾಗ
ಉಳಿದ ಮಾತನ್ನು ನಾನೇ ಆಡಿಬಿಡುತ್ತೇನೆ.
ಏಳು ವರ್ಷದಿಂದ ಅವನ ಅರ್ಧ ವಾಕ್ಯಗಳೆಲ್ಲ ನನ್ನವೇ.
ಒಳ್ಳೆಯ ತಾಯಿ, ಅನ್ನುತ್ತಿದ್ದರು ನೆರೆಯವರು.

ಮೂರೂಕಾಲಿಗೆ ಗಂಟೆ ಹೊಡೆಯಿತು.
ಇಳಿಜಾರಿನ ತಿರುವಿನಲ್ಲಿ ಹಳದಿ ಕೋಟಿನ ಮುದುಕ
ಉದ್ದ ಕೋಲಿನ ಫಲಕ ಹಿಡಿದು ನಡುರಸ್ತೆಗೆ ಇಳಿದ.
ಎರಡೂ ಕಡೆ ಕಾರು, ಒಂದು ಬಸ್ಸು, ಹಾಲಿನ ವ್ಯಾನು.
ಅರ್ಧ ದಾಟಿದ ರೋರಿ ತಟ್ಟನೆ ನಿಂತ.
ಕಾಲಡಿಯಲ್ಲಿ ಮುಳ್ಳುಸಿಪ್ಪೆ ಒಡೆದ ಚೆಸ್ಟ್‌ನಟ್ ಬೀಜಗಳು,
ಈಗಷ್ಟೇ ಎಣ್ಣೆ ಹಚ್ಚಿ ಒರೆಸಿದಂತೆ ಕಂದು.
ತಲೆಯೆತ್ತಿ ಮುದುಕನನ್ನು ಕೇಳಿದ:
"ಇ... ಇವು... ಯಾ..."

ನಾನು ಬಾಯಿ ತೆರೆದೆ.
ಮುದುಕ ನನ್ನ ಕಡೆ ನೋಡದೆ
ಎಡಗೈ ಎತ್ತಿದ. ಬಸ್ಸಿಗೋ, ನನಗೋ.
ನಿಂತೆ.

"ಯಾ... ಯಾ..."
ಬಸ್ಸಿನ ವೈಪರು ಎರಡು ಸಲ ಆಡಿತು.
ಯಾರೋ ಹಾರ್ನ್ ಒತ್ತಿದರು, ಮುದುಕ ಕಿವಿಗೊಡಲಿಲ್ಲ.
ಕೆಟಲಿನ ನೀರು ಕುದಿಯಲೆಂದು ಕಾಯುವವನಂತೆ
ಕೋಲೂರಿ ಆರಾಮಾಗಿದ್ದ.
"...ಯಾರವು?"
"ಬಗ್ಗಿದವರದು," ಅಂದ ಮುದುಕ.
ನನ್ನ ಮಗ ಬಗ್ಗಿದ.

ವಾಪಸು ರೈಲಿನಲ್ಲಿ ಆಲ್ವಿನ್ ಅಂಕಿ ಕೂಡಿಸಿದ, ಕಳೆದ:
ತಪಾಸಣೆಯ ವರದಿ, ಗಣಿತದ ಸರಾಸರಿ, ಬಸ್ಸಿನ ಖರ್ಚು.
"ತಿರುವಿನ ಮನೆಯೇ ಇರಲಿ" ಅಂದೆ.
"ಗೋಡೆ ತೇವವಲ್ಲೇ?"
"ಅಡುಗೆಮನೆಗೆ ಬೆಳಕಿದೆ."
ಬೆಳಕಿರಲಿಲ್ಲ. ಮರ ಅಡ್ಡ ಬರುತ್ತಿತ್ತು.
ನಿಜ ಹೇಳಿದ್ದರೆ ಅದಕ್ಕೆ ಅವನ ಪಟ್ಟಿಯಲ್ಲಿ ಕಾಲಮ್ಮಿರಲಿಲ್ಲ.

ಬಂದು ನೆಲೆಸಿದೆವು. ಐನೂರ ತೊಂಬತ್ತು ಮೀಟರ್, ಸೀಟು ಸಿಕ್ಕಿತು.
ಎಲೆಯ ಬೀದಿಯೆಂದರೆ ಏನೆಂದು ಅಕ್ಟೋಬರಿನಲ್ಲಿ ತಿಳಿಯಿತು:
ದೋಣಿಯಲ್ಲಿ ಎಲೆ, ಮೋರಿಯಲ್ಲಿ ಎಲೆ,
ಗುಡಿಸಿದಷ್ಟೂ ಎಲೆ, ಹೆಟ್ಟಿಯ ಬೂಟಿನೊಳಗೆ ಎಲೆ.
ಕ್ರಿಸ್ಮಸ್ಸಿಗೆ ಮುಂಚೆ ಮುದುಕ ನಿವೃತ್ತನಾದ.
ಬೀಳ್ಕೊಡುಗೆಯ ಕಾರ್ಡಿನಲ್ಲಿ ಹೆಸರು ನೋಡಿದೆ, ಆಲರೆನ್‌ಷಾ.
ಜನವರಿಯಲ್ಲಿ ಅಲ್ಲಿ ಕಂಬ ನೆಟ್ಟರು.
ಹಸಿರು ದೀಪಕ್ಕೆ ಎಂಟೇ ಸೆಕೆಂಡು ತಾಳ್ಮೆ.

ಇವತ್ತು ರೋರಿ ಗುಂಡಿ ಒತ್ತಿ, ನನ್ನತ್ತ ತಿರುಗಿ
ಏನೋ ಹೇಳಲು ಹೊರಟ.
"ಅಮ್ಮ, ನಾ... ನಾ..."
ನಾಳೆಯೋ, ನಾಯಿಯೋ, ನಾನೋ?
ನಾಲಗೆಯ ತುದಿಗೆ ಬಂದ ಮೂರನ್ನೂ ನುಂಗಿದೆ.
ದೀಪ ಹಸಿರಾಯಿತು,
ಕೆಂಪಾಯಿತು,
ಮತ್ತೆ ಗುಂಡಿ ಒತ್ತಿದೆವು.